ದವಾಖಾನೆಯ ಬಾಟಲಿ

ನನ್ನ ಹೆಂಡತಿ ಸಾವಕ್ಕ ಯಾರನ್ನೂ ಸುಮ್ಮನೆ ನಂಬುವವಳಲ್ಲ. ನೆರೆಮನೆಯವರು ಹೋಳಿಗೆ ಕಳಿಸಿದ ಡಬ್ಬಿಯನ್ನೂ ಮೂಸಿ ನೋಡಿಯೇ ಒಳಗೆ ಒಯ್ಯುತ್ತಾಳೆ, ಖಾಲಿ ಮಾಡಿ ತಿಕ್ಕಿ ತೊಳೆಯುತ್ತಾಳೆ. ನಮ್ಮೂರು ಹರ್ತಿಯಿಂದ ನನ್ನನ್ನು ಗದಗಿನ ದವಾಖಾನೆಗೆ ತಂದು ಮೂತ್ರದ ಕಲ್ಲು ತೆಗೆಸಿದ ಮೇಲಂತೂ ಕೇಳಲೇಬೇಡಿ. ಸಲೈನಿನಲ್ಲಿ ಬರೀ ನೀರಿದೆ, ನರ್ಸು ಸೂಜಿ ಬದಲಿಸುವುದಿಲ್ಲ, ಪಕ್ಕದ ಹಾಸಿಗೆಯವನ ಕಣ್ಣು ನಮ್ಮ ಬಿಸ್ಕೀಟಿನ ಮೇಲಿದೆ, ಒಂದೇ ಎರಡೇ!

ಮೂತ್ರದ ನಳಿಕೆ ತೆಗೆದ ಮರುದಿನ ನನಗೆ ಹಲ್ಲು ಕಟಕಟ ಎನ್ನುವ ಚಳಿಜ್ವರ ಬಂತು. ಡಾಕ್ಟರ್ ಸಾಯಿಮಾ ಬಂದು ನೋಡಿದರು.

“ಪುಂಡಲೀಕಪ್ಪಾರ, ನಳಿಗಿ ಹಾಕಿದಾಗ ಕ್ರಿಮಿ ಹೊಕ್ಕಾವು. ದವಾಖಾನಿ ಕ್ರಿಮಿ ಭಾಳ ಹಟಮಾರಿ, ಎಲ್ಲಾ ಔಷಧಕ್ಕೂ ಸಾಯಂಗಿಲ್ಲ. ಈ ಬಾಟಲ್ಯಾಗ ಉಚ್ಚಿ ಹಿಡದು ಕೊಡ್ರಿ. ಲ್ಯಾಬಿನ್ಯಾಗ ಕ್ರಿಮಿ ಬೆಳಸಿ, ಯಾವ ಔಷಧಕ್ಕ ಸಾಯ್ತಾವು ನೋಡ್ತೀವಿ. ಅಲ್ಲೀತನಕ ಈ ಇಂಜೆಕ್ಷನ್ ನಡೀಲಿ.”

“ಕೇಳಿದ್ರಿಲ್ಲೋ? ರೋಗಾನೂ ಇವರದ, ಔಷಧಾನೂ ಇವರದ,” ಎಂದು ಸಾವಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಬಾಟಲಿ ಎತ್ತಿಕೊಂಡು ಬಚ್ಚಲಿಗೆ ಹೋಗಿಬಂದು ನನ್ನ ಕೈಗೆ ಕೊಟ್ಟಳು.

ಲ್ಯಾಬಿನ ವರದಿ ಬಂತು. ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಇತ್ತ ನನ್ನ ಜ್ವರ ಮಾತ್ರ ಏರುತ್ತಲೇ ಇತ್ತು, ಮಾತು ತೊದಲತೊಡಗಿತ್ತು. ಡಾಕ್ಟರರಿಗೂ ತಲೆಬುಡ ತಿಳಿಯಲಿಲ್ಲ.

“ಬಾಟ್ಲಿ ಅದಲಬದಲ ಆಗೇತ್ರಿ!” ಎಂದು ಸಾವಕ್ಕ ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. “ಇವರು ಇಲ್ಲೆ ಸಾಯಾಕತ್ತಾರ, ನೀವು ಯಾರದೋ ಉಚ್ಚಿ ನೋಡಾಕತ್ತೀರಿ!”

ಖರೆ ಹೇಳುತ್ತೇನೆ, ಆಗ ನನಗೂ ಹೆದರಿಕೆಯಾಯಿತು. ಇಂಜೆಕ್ಷನ್ ಚುಚ್ಚಲು ಬಂದ ನರ್ಸನ್ನು ಕಳ್ಳರನ್ನು ನೋಡಿದಂತೆ ನೋಡಿದೆ.

ಡಾಕ್ಟರ್ ಸಾಯಿಮಾ ಸಿಟ್ಟಾಗಲಿಲ್ಲ. ಇನ್ನೊಂದು ಹೊಸ ಬಾಟಲಿ ಕೊಟ್ಟು, “ನಿಮ್ಮ ಕಣ್ಣೆದುರಿಗೇ ಕಳಸೋಣ್ರಿ,” ಎಂದರು. ಸಾವಕ್ಕ ಅದನ್ನು ತೆರೆದು, ಮಂಚದ ಕೆಳಗೆ ಒರೆಸಲು ಊರಿಂದ ತಂದಿದ್ದ ಫಿನೈಲ್ ತೆಗೆದುಕೊಂಡು ಬಚ್ಚಲಿಗೆ ಹೊರಟಳು.

“ಎಲ್ಲಿಗೆ ಹೊಂಟ್ರಿ?” ಎಂದು ಡಾಕ್ಟರ್ ತಡೆದರು.

“ತೊಳಕೊಂಡು ಬರ್ತೀನ್ರಿ. ಮಂದಿ ಮುಟ್ಟಿದ್ದು, ಹಂಗ ಹೆಂಗ ಕೊಡ್ಲಿ?”

“ಮೊದಲಿನ ಬಾಟ್ಲೀನೂ ತೊಳದಿದ್ರೇನು?”

“ಮತ್ತ! ಇದನ್ನ ಹಾಕಿ ಚೊಲೋತ್ನಾಗಿ ತೊಳದಿದ್ದೆ.”

ಡಾಕ್ಟರ್ ಹಣೆ ಹಿಡಿದುಕೊಂಡರು. “ಯವ್ವಾ, ಬಾಟಲ್ಯಾಗ ಉಳದ ಫಿನೈಲಿಗೆ ಉಚ್ಚ್ಯಾಗಿನ ಕ್ರಿಮಿ ಸತ್ತು ಹೋದ್ವು. ಲ್ಯಾಬಿನ್ಯಾಗ ಬೆಳ್ಯಾಕ ಏನ ಉಳೀತು? ಇವರ ಮೈಯ್ಯಾಗಿನವು ಬೆಳಕೋತ ಹೊಂಟಾವು.”

ಈ ಸಲ ತೊಳೆಯದ ಬಾಟಲಿ ಹೋಯಿತು, ವರದಿಯಲ್ಲಿ ಕ್ರಿಮಿ ಸಿಕ್ಕಿತು. ನನಗೆ ಚುಚ್ಚುತ್ತಿದ್ದ ಇಂಜೆಕ್ಷನ್ನಿಗೆ ಆ ಕ್ರಿಮಿ ಜಪ್ಪಯ್ಯ ಅಂದಿರಲಿಲ್ಲ. ನೋಡಿದ ಅಷ್ಟೂ ಔಷಧಗಳಲ್ಲಿ ಒಂದಕ್ಕೆ ಮಾತ್ರ ಸಾಯುತ್ತಿತ್ತು. ಅದನ್ನು ಶುರು ಮಾಡಿದರು. ಜ್ವರ ಇಳಿಯಿತು, ನಾನು ರೊಟ್ಟಿ ಕೇಳಿದೆ.

ಸಾವಕ್ಕ ಮಾತ್ರ ನನ್ನ ಯಾವ ಸಾಮಾನನ್ನೂ ಮುಟ್ಟದಾದಳು. ನೀರು ಕೇಳಿದರೆ ಲೋಟ ಎತ್ತಿದವಳು ತನ್ನ ಕೈಯನ್ನೇ ನೋಡಿಕೊಂಡು ಕೆಳಗಿಟ್ಟಳು.

“ನನ್ನ ಕೈಲೆ ಬ್ಯಾಡ್ರಿ. ನರ್ಸಬಾಯಾರು ಕೊಡ್ಲಿ.”

ಅವಳು ಊರನ್ನೆಲ್ಲ ಅನುಮಾನಿಸುವಾಗ ನಾನು ನಗುತ್ತಿದ್ದೆ. ತನ್ನನ್ನೇ ಅನುಮಾನಿಸಿದಾಗ ನನಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂತು.

“ಕುಡದ್ರ ನಿನ್ನ ಕೈಲೆ ಕುಡೀತೀನಿ, ಇಲ್ಲಾಂದ್ರ ನೀರ ಬ್ಯಾಡ,” ಎಂದು ಹಟ ಹಿಡಿದೆ.

ಕೊನೆಗೆ ಸಾವಕ್ಕ ಲೋಟ ಎತ್ತಿದಳು. ಮೊದಲು ಮೂಸಿ ನೋಡಿದಳು, ಆಮೇಲೆ ಕೊಟ್ಟಳು.