ಬೀರುವಿನ ಬೂಟು ಕಿಲಿಮಂಜಾರೊಗೆ ಹೊರಟದ್ದು

ನಾನು ಒಂದು ಬೂಟು, ಬಲಗಾಲಿನದು. ಎಡಗಾಲಿನವನು ನನ್ನ ತಮ್ಮ. ಅವನದು ಮೊದಲಿನಿಂದಲೂ ಮಾತು ಕಡಿಮೆ, ನನ್ನದು ತುಸು ಜಾಸ್ತಿ. ಅದಕ್ಕೇ ಇಬ್ಬರ ಕಥೆಯನ್ನೂ ನಾನೇ ಹೇಳುತ್ತಿದ್ದೇನೆ. ನಗುವವರು ನಗಲಿ. ಕಾಲಿನ ಕೆಳಗಿರುವವರಿಗೆ ಮನುಷ್ಯರ ವಿಷಯ ಗೊತ್ತಿರುವಷ್ಟು ತಲೆಯ ಮೇಲೆ ಕೂತ ಟೋಪಿಗೆ ಗೊತ್ತಿರುವುದಿಲ್ಲ.

ನಾವು ಹುಟ್ಟಿದ್ದು ತಮಿಳುನಾಡಿನ ಒಂದು ಕಾರ್ಖಾನೆಯಲ್ಲಿ. ಮೇಲೆ ದಪ್ಪ ಚರ್ಮ, ತಳದಲ್ಲಿ ಕರಿಯ ರಬ್ಬರಿನ ಅಟ್ಟೆ, ಇವೆರಡರ ನಡುವೆ ಬೂದು ಬಣ್ಣದ ಸ್ಪಂಜಿನಂಥ ಒಂದು ಮೆತ್ತೆ. ಆ ಮೆತ್ತೆಯನ್ನು ಕೂರಿಸಿದವಳು ಸೆಲ್ವಿ ಎಂಬ ಹೆಂಗಸು. ಅವಳು ಪಕ್ಕದ ಹೊಸ ಹುಡುಗಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಈ ಮೆತ್ತೆಗೆ ನಡಿಗೆಯೇ ಔಷಧಿಯಂತೆ. ತುಳಿಯುತ್ತಾ ಇದ್ದರೆ ಒಳಗಿನ ತೇವ ಆರಿ ಗಟ್ಟಿಯಾಗಿ ಉಳಿಯುತ್ತದಂತೆ. ಮುಚ್ಚಿಟ್ಟರೆ ಏಳೆಂಟು ವರ್ಷಕ್ಕೆ ಒಳಗೊಳಗೇ ಪುಡಿಯಾಗುತ್ತದಂತೆ. ನನಗೆ ನಗು ಬಂತು. ಬೂಟು ಕೊಂಡು ಯಾರಾದರೂ ಮುಚ್ಚಿಡುತ್ತಾರೆಯೇ? ಆಗ ನಾನಿನ್ನೂ ಹೊಸಪೇಟೆಯ ಎರ್ರಿಸ್ವಾಮಿಯವರನ್ನು ನೋಡಿರಲಿಲ್ಲ.

ಎರ್ರಿಸ್ವಾಮಿಯವರು ಸಂಡೂರಿನ ಗುಡ್ಡಗಳಲ್ಲಿ ಒಂದು ಅದಿರಿನ ಗಣಿಯ ಸರ್ವೇಯರು. ಅಳತೆಯೆಂದರೆ ಪ್ರಾಣ. ಗಣಿಯ ಆಫೀಸಿನ ಕ್ಯಾಲೆಂಡರಿನಲ್ಲಿ ಕಿಲಿಮಂಜಾರೊ ಪರ್ವತದ ಚಿತ್ರ ನೋಡಿದ ದಿನದಿಂದ ಅವರಿಗೆ ಅದೇ ಧ್ಯಾನ. ಆಫ್ರಿಕಾದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ, ಅಲ್ಲಿ ಒಂದು ಸಲ ನಿಲ್ಲಬೇಕು, ಅಷ್ಟೆ. ಬೆಂಗಳೂರಿಗೆ ಹೋಗಿ ನಮ್ಮನ್ನು ಕೊಂಡು ತಂದರು. ಅವತ್ತೇ ನೋಟ್‌ಬುಕ್ಕಿನಲ್ಲಿ ಬೇಕಾದ ಸಾಮಾನಿನ ಪಟ್ಟಿ ಶುರುವಾಯಿತು. ಮೊದಲ ಸಾಲು "ಬೂಟು". ಅದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗುರುತು. ಬೂಟು ಬಂತು, ಮುಗಿಯಿತು, ಇನ್ನು ಅದರ ಚಿಂತೆಯಿಲ್ಲ.

ಆ ವರ್ಷ ರಜೆ ಸಿಗಲಿಲ್ಲ. ಮರುವರ್ಷ ಹೆಂಡತಿ ಸುಂಕಮ್ಮನವರಿಗೆ ಆಪರೇಷನ್ ಆಯಿತು. ಆಮೇಲೆ ಕೊರೊನಾ. ನಾವು ಪ್ಲಾಸ್ಟಿಕ್ ಕವರಿನಲ್ಲಿ, ಕವರು ಡಬ್ಬದಲ್ಲಿ, ಡಬ್ಬ ಬೀರುವಿನಲ್ಲಿ, ಮೇಲೆ ನುಸಿಗುಳಿಗೆ. ಹೀಗೆ ಒಂಬತ್ತು ವರ್ಷ.

"ಏನ್ರೀ, ಒಂದಿನ ಆದ್ರೂ ಕಾಲಿಗೆ ಹಾಕ್ಕೊಂಡು ನೋಡ್ರಿ" ಎಂದು ಸುಂಕಮ್ಮ ಅಂದರೆ, "ಸವೀತಾವು. ಅವು ಗುಡ್ಡಕ್ಕ ಮೀಸಲು" ಎನ್ನುತ್ತಿದ್ದರು. ಮೀಸಲಂತೆ! ಮೊದಮೊದಲು ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ. ಏಳನೆಯ ವರ್ಷ ಒಂದು ದಿನ ಹಿಮ್ಮಡಿಯ ಒಳಗೆ ಏನೋ ಸಣ್ಣಗೆ ಚಿಟಿಕ್ ಎಂದಿತು. ಸೆಲ್ವಿಯ ಮಾತು ನೆನಪಾಯಿತು. ಆ ದಿನ ನನ್ನ ಜಂಬವೆಲ್ಲ ಇಳಿದುಹೋಯಿತು.

ಒಂಬತ್ತನೆಯ ವರ್ಷ ಎರ್ರಿಸ್ವಾಮಿಯವರು ನಿವೃತ್ತರಾದರು. ಮಂಡಿನೋವೆಂದು ತೋರಿಸಲು ಹೋದರೆ ಡಾಕ್ಟರು ನೇರವಾಗಿ ಹೇಳಿಬಿಟ್ಟರಂತೆ: "ಹೋಗೋದಾದ್ರ ಈ ವರ್ಷ ಹೋಗ್ರಿ. ಮುಂದಿನ ವರ್ಷ ಕೇಳಿದ್ರ ನಾನು ಬ್ಯಾಡ ಅಂತೀನಿ." ಅಂದರೆ ಇದೊಂದೇ ಅವಕಾಶ. ಅವತ್ತೇ ಮಹಬೂಬ್ ಸಾಬರನ್ನು ಕರೆಸಿದರು. ಸಾಬರು ಅದೇ ಗಣಿಯಲ್ಲಿ ಟಿಪ್ಪರ್ ಓಡಿಸಿದವರು, ಇಪ್ಪತ್ತೈದು ವರ್ಷದ ಗೆಳೆಯ. ಜನವರಿಗೆ ಹೊರಡುವುದೆಂದು ಗಟ್ಟಿಯಾಯಿತು.

ಅಬ್ಬಾ, ಆ ತಯಾರಿ! ನಡುಮನೆಯ ಗೋಡೆಗೆ ಗ್ರಾಫ್ ಹಾಳೆ ಬಂತು. ಏಳು ದಿನದ ದಾರಿ, ಯಾವ ದಿನ ಎಷ್ಟು ಮೀಟರು ಏರಬೇಕು, ಎಲ್ಲಿ ಇಳಿದು ಮಲಗಬೇಕು, ಎಲ್ಲ ಗೆರೆ ಎಳೆದಾಯಿತು. "ಆರು ದಿನದಾಗ ಹತ್ತೋರು ಅದಾರಂತಲ್ಲೋ" ಎಂದರು ಸಾಬರು. "ಹತ್ತಲಿ. ಮೇಲಿನ ತೆಳು ಗಾಳಿ ರಕ್ತಕ್ಕ ರೂಢಿ ಆಗಬೇಕಲೇ. ಅವಸರ ಮಾಡಿದೋರನ್ನ ಕೆಳಗ ಹೊತ್ಕೊಂಡು ಬರ್ತಾರ" ಎಂದು ಎರ್ರಿಸ್ವಾಮಿಯವರು ಬಾಯಿ ಮುಚ್ಚಿಸಿದರು. ಕೂಲಿಯವನ ಹೆಗಲಿಗೆ ಇಷ್ಟೇ ಭಾರವೆಂದು ಅಲ್ಲಿ ಲೆಕ್ಕವಿದೆಯಂತೆ. ಅದಕ್ಕೆ ಶೇಂಗಾ ಚಟ್ನಿಪುಡಿಯನ್ನೂ ತೂಗಿದರು, ಟೂತ್‌ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿದರು. ಟಾರ್ಚನ್ನು ಒಂದು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಚಳಿಗೆ ಉರಿಯುತ್ತದೋ ಇಲ್ಲವೋ ನೋಡಿದರು. ಪಟ್ಟಿಯಲ್ಲಿ ಎಪ್ಪತ್ತೆರಡು ಸಾಲು. ಎಪ್ಪತ್ತೊಂದನ್ನು ಎರಡೆರಡು ಸಲ ಪರೀಕ್ಷೆ ಮಾಡಿದರು. ಮೊದಲ ಸಾಲಿಗೆ ಒಂಬತ್ತು ವರ್ಷದ ಹಿಂದೆಯೇ ಕೆಂಪು ಗುರುತು ಬಿದ್ದಿತ್ತಲ್ಲ!

ನಾನು ಬೀರುವಿನ ಕತ್ತಲಲ್ಲಿ ದಿನ ಎಣಿಸುತ್ತಿದ್ದೆ. ಇಲ್ಲಿ ಮುರಿದರೆ ಬದುಕಿದೆವು, ಅಲ್ಲಿ ಮುರಿದರೆ ಕೆಟ್ಟೆವು. ಇದೊಂದೇ ಯೋಚನೆ.

ಆಯುಧಪೂಜೆ ಬಂತು. ಸರ್ವೆಯ ದುರ್ಬೀನು, ಅಳತೆಪಟ್ಟಿ, ಜೊತೆಗೆ ನಾವಿಬ್ಬರು. ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂ ಏರಿಸಿದರು. ಹಬ್ಬದ ಊಟಕ್ಕೆ ಬಂದ ಮಹಬೂಬ್ ಸಾಬರು ನನ್ನನ್ನು ಎತ್ತಿಕೊಂಡು ಡ್ರೈವರನ ಬುದ್ಧಿಯಲ್ಲಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಪಕ್ಕೆಯನ್ನು ಒತ್ತಿದರು. ಒತ್ತು, ಇನ್ನೂ ಗಟ್ಟಿಯಾಗಿ ಒತ್ತು ಎಂದು ನಾನು ಒಳಗೇ ಕೂಗಿದೆ. ಬೂದು ಬಣ್ಣದ ಪುಡಿ ಒಂದು ಚಿಟಿಕೆ ನೆಲಕ್ಕೆ ಉದುರಿತು.

"ಸ್ವಾಮಿ, ಇದೇನೋ ಉದುರಾಕತ್ತೈತಲ್ಲ?"

"ವಿಭೂತಿ ಅದು. ಈಗ ಹಚ್ಚೀನಲ್ಲ" ಎಂದರು ಎರ್ರಿಸ್ವಾಮಿಯವರು. ಸುಂಕಮ್ಮ ಅದನ್ನು ತುಳಿಯಬಾರದೆಂದು ಬೆರಳಲ್ಲಿ ಒತ್ತಿ ತೆಗೆದು ಹಣೆಗೆ ಹಚ್ಚಿಕೊಂಡರು. ನನ್ನ ಹೊಟ್ಟೆಯ ಪುಡಿ ಅವರ ಹಣೆಯ ಮೇಲೆ!

ಇನ್ನೊಂದು ಅವಕಾಶ ಡಿಸೆಂಬರಿನಲ್ಲಿ ಬಂತು. ಇಬ್ಬರೂ ಪೂರ್ತಿ ಚೀಲ ಹೊತ್ತು ಸಂಡೂರಿನ ಗುಡ್ಡ ಏರಿ ಇಳಿಯುವ ಕೊನೆಯ ತಾಲೀಮು. ಅಲ್ಲಿಯವರೆಗೆ ಎರ್ರಿಸ್ವಾಮಿಯವರು ಎಲ್ಲ ತಾಲೀಮನ್ನೂ ಕ್ಯಾನ್ವಾಸ್ ಶೂಗಳಲ್ಲೇ ಮಾಡಿದ್ದರು. ಸಾಬರ ಕಾಲಲ್ಲಿ ಗಣಿಯಲ್ಲಿ ದುಡಿದು ಕೆಂಪಾದ ಹಳೇ ಬೂಟು, ಎರಡು ಸಲ ಅಟ್ಟೆ ಬದಲಿಸಿದ್ದು. "ಇವತ್ತೊಂದಿನ ಹೊಸವನ್ನ ಹಾಕ್ಕಳೋ ಮಾರಾಯ, ಕಾಲಿಗೆ ಕಚ್ಚತಾವೇನು ನೋಡು" ಎಂದು ಸಾಬರು ಹಟ ಹಿಡಿದರು. ನಮ್ಮನ್ನು ಹೊರಗೆ ತೆಗೆದರು. ಕಾಲು ಒಳಗೆ ಬಂತು. ಲೇಸಿನ ಮೊದಲ ಗಂಟೂ ಬಿತ್ತು. ನನಗೆ ಜೀವ ಬಂದ ಹಾಗಾಯಿತು. ಗುಡ್ಡದ ಅರ್ಧದಲ್ಲಿ ಖಂಡಿತ ಬಾಯಿ ಬಿಡುತ್ತೇನೆ, ಬೈಸಿಕೊಳ್ಳುತ್ತೇನೆ, ತಿಪ್ಪೆಗೆ ಬೀಳುತ್ತೇನೆ, ಆಗಲಿ. ಅವರು ಹೊಸ ಜೊತೆ ಕೊಂಡು ಸುಖವಾಗಿ ಹೋಗಿಬರುತ್ತಾರೆ.

ಅಷ್ಟರಲ್ಲಿ ಎರಡು ಹನಿ ಮಳೆ ಬಿತ್ತು. ಬರೇ ಎರಡು ಹನಿ.

"ಕೆಸರಾಗ್ತಾವು" ಎಂದು ಲೇಸು ಬಿಚ್ಚಿದರು. ಬೀರುವಿನ ಬಾಗಿಲು ಮುಚ್ಚಿಕೊಂಡಿತು.

ಜನವರಿಯಲ್ಲಿ ವಿಮಾನ ಹತ್ತಿದೆವು. ನಮ್ಮನ್ನು ಕೈಚೀಲದಲ್ಲಿ, ಮಡಿಲಲ್ಲಿಟ್ಟುಕೊಂಡೇ ಹೋದರು. ಪರ್ವತದ ಬಾಗಿಲಲ್ಲಿ ಮಾರ್ಗದರ್ಶಿ ಎಲಿಬರೀಕಿ ಕೈಕುಲುಕಿದ. ಚಗ್ಗ ಜನದವನು, ಆ ಬೆಟ್ಟದ ಬುಡದಲ್ಲೇ ಹುಟ್ಟಿದವನು. "ಪೋಲೆ, ಪೋಲೆ" ಎಂದ. ನಿಧಾನ, ನಿಧಾನ ಎಂದು ಅವರ ಭಾಷೆಯಲ್ಲಿ. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ.

ಮೊದಲ ದಿನ ಕಾಡಿನ ಮೆತ್ತನೆಯ ದಾರಿ, ಹೇಗೋ ತಡೆದುಕೊಂಡೆ. ಎರಡನೆಯ ದಿನ ಪ್ರತಿ ಹೆಜ್ಜೆಗೂ ಒಳಗೆ ಪುಡಿಯಾಗುತ್ತಿತ್ತು. ಎರ್ರಿಸ್ವಾಮಿಯವರಿಗೆ ಅದರಿಂದ ಸಂತೋಷವೇ! "ಲೇ ಮಹಬೂಬಾ, ಹತ್ತಿ ಮ್ಯಾಲ ನಡೆದಂಗ ಆಗತೈತಿ ನೋಡು. ಸುಮ್ನ ಜ್ವಾಕಿ ಮಾಡಿಲ್ಲ ನಾನು" ಎಂದರು. ನಾಚಿಕೆಯಿಂದ ನನಗೆ ಸತ್ತುಹೋಗಬೇಕು ಅನ್ನಿಸಿತು. ಮೂರನೆಯ ದಿನ ಸಂಜೆ ನನ್ನ ತಮ್ಮ ಮೊದಲ ಸಲ ಬಾಯಿಬಿಟ್ಟ. "ಅಣ್ಣಾ, ನನ್ನ ಕೈಯಲ್ಲಿ ಇನ್ನಾಗುವುದಿಲ್ಲ" ಎಂದ. ತಾಳು ಎಂದೆ. ಏನು ತಾಳುವುದು, ಯಾವುದಕ್ಕೆ ತಾಳುವುದು, ನನಗೇ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದಾರಿಗೆ ಅಡ್ಡವಾಗಿ ಎದ್ದುನಿಂತ ಬಂಡೆಗೋಡೆ. ಕೈಯೂರಿ ಹತ್ತಬೇಕು. ಒಂದು ಕಡೆಯಂತೂ ಬಂಡೆಯನ್ನು ಅಪ್ಪಿಕೊಂಡು, ಎರಡು ಗೇಣು ಅಗಲದ ಅಂಚಿನ ಮೇಲೆ ಪಕ್ಕಕ್ಕೆ ಸರಿಯಬೇಕು. ಬೆನ್ನ ಹಿಂದೆ ಬರೀ ಗಾಳಿ, ಕೆಳಗೆ ಕೂಲಿಯವರು ಇರುವೆಗಳ ಹಾಗೆ. ಎಲಿಬರೀಕಿ ದಾಟಿ ಕೈ ಚಾಚಿ ನಿಂತ. ಎರ್ರಿಸ್ವಾಮಿಯವರು ನನ್ನ ತಮ್ಮನನ್ನು ಮೇಲೆತ್ತಿದರು. ಇಡೀ ಮೈಭಾರ ನನ್ನೊಬ್ಬನ ಮೇಲೆ ಬಿತ್ತು.

ಹಿಡಿದುಕೊಂಡೆ. ದೇವರಾಣೆಗೂ ನನ್ನ ಶಕ್ತಿಯೆಲ್ಲ ಹಾಕಿ ಹಿಡಿದುಕೊಂಡೆ. ಆಗಲಿಲ್ಲ. ತುದಿಯಿಂದ ಹಿಮ್ಮಡಿಯವರೆಗೆ ಪರ್ ಎಂದು ಬಿಚ್ಚಿತು. ಅಟ್ಟೆ ಅಲ್ಲೇ ಅಂಚಿನ ಮೇಲೆ ಉಳಿಯಿತು, ಕಾಲು ಮಾತ್ರ ಜಾರಿತು.

"ಯಪ್ಪಾ!"

ಹಿಂದಿದ್ದ ಮಹಬೂಬ್ ಸಾಬರು ಬೆನ್ನಚೀಲದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಅವರನ್ನು ಬಂಡೆಗೆ ಒತ್ತಿಬಿಟ್ಟರು. "ಅಲುಗಬ್ಯಾಡ ಸ್ವಾಮಿ. ಕೆಳಗ ನೋಡಬ್ಯಾಡ. ನಾ ಅದೀನಿ, ನಾ ಅದೀನಿ" ಎನ್ನುತ್ತಲೇ ಇದ್ದರು. ಎಲಿಬರೀಕಿ ಬಂದು ತೋಳು ಹಿಡಿಯುವವರೆಗೆ ಮುಷ್ಟಿ ಸಡಿಲಿಸಲಿಲ್ಲ. ಆ ಗಡಿಬಿಡಿಯಲ್ಲಿ ಅಂಚಿನಿಂದ ಜಾರಿದ ನನ್ನ ಅಟ್ಟೆ ಕೆಳಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು.

ಎಲಿಬರೀಕಿ ಅವರ ಕಾಲಿಗೆ ಚೀಲದ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಶಿಬಿರದವರೆಗೆ ನಡೆಸಿದ. ಅಷ್ಟರಲ್ಲಿ ತಮ್ಮನೂ ಬಾಯಿ ತೆರೆದಿದ್ದ. ನಮ್ಮನ್ನು ಕೈಯಲ್ಲಿ ಹಿಡಿದು ನೋಡಿ ಎಲಿಬರೀಕಿ ತಲೆಯಾಡಿಸಿದ. ಇವುಗಳಲ್ಲಿ ಮೇಲೆ ಹೋದರೆ ಬೆರಳು ಹೆಪ್ಪುಗಟ್ಟಿ ಕತ್ತರಿಸಬೇಕಾಗುತ್ತದೆ ಎಂದ. ಎರ್ರಿಸ್ವಾಮಿಯವರು ನಮ್ಮಿಬ್ಬರನ್ನೂ ಮುಂದಿಟ್ಟುಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ವಿಭೂತಿ ಅಂದೆನಲ್ಲೋ" ಎಂದು ಅತ್ತುಬಿಟ್ಟರು.

ಮಹಬೂಬ್ ಸಾಬರು ತಮ್ಮ ಬೂಟು ಬಿಚ್ಚಿ ಅವರ ಮುಂದೆ ಇಟ್ಟರು. "ಹಾಕ್ಕ. ಇಬ್ರದೂ ಒಂಬತ್ತು ನಂಬರು."

"ನೀನು?"

"ನಾ ಕೆಳಗ ಕುಂತು ಚಾ ಕುಡೀತೀನಿ. ನನಗೇನಲೇ, ಈ ಗುಡ್ಡ ನಿಂದು. ನಾ ನಿನ್ನ ಜೋಡಿ ಬಂದವ."

ಎರ್ರಿಸ್ವಾಮಿಯವರು ಹಾಕಿಕೊಂಡರು. ಎದ್ದು ನಾಲ್ಕು ಹೆಜ್ಜೆ ನಡೆದರು. ನಿಂತರು. ಮೇಲೆ ಹಿಮದ ತುದಿ ಬಿಸಿಲಿಗೆ ಹೊಳೆಯುತ್ತಿತ್ತು, ಇನ್ನೆರಡೇ ದಿನದ ದಾರಿ. ಹೋಗಲಿ, ಅವರು ಹೋಗಲಿ ಎಂದು ನಾನು ಬೇಡಿಕೊಂಡೆ. ಅವರು ವಾಪಸು ಬಂದು ಕೂತು ಲೇಸು ಬಿಚ್ಚಿದರು.

"ಇವು ನಿನ್ನ ಕಾಲಿಗೆ ಅಚ್ಚು ಕೂತಾವು. ನೀ ದುಡಿಸೀದಿ ಇವನ್ನ, ನಾ ಬರೇ ಪೂಜಿ ಮಾಡಿದೆ. ಇಬ್ರಾಗ ಒಬ್ಬ ಹೋಗೋದಾದ್ರ ನೀನ ಹೋಗಬೇಕು. ಮಾತು ಬೆಳೆಸಬ್ಯಾಡ, ನನಗ ಇನ್ನೊಂದ್ಸಲ ಹೇಳಾಕ ಆಗಂಗಿಲ್ಲ."

ಸಾಬರು ಹೋದರು. ಅಡುಗೆಯವನ ಹೆಚ್ಚುವರಿ ಶೂ ಹಾಕಿಕೊಂಡು ಎರ್ರಿಸ್ವಾಮಿಯವರು ಇಳಿಯುವ ದಾರಿಯ ಶಿಬಿರಕ್ಕೆ ಬಂದು ಕಾದರು. ಶಿಖರದ ದಿನ ಬೆಳಿಗ್ಗೆಯಿಂದಲೇ ಒಂದು ಬಂಡೆಯ ಮೇಲೆ ಕೂತು ತುದಿಯನ್ನು ನೋಡುತ್ತಿದ್ದರು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನದ ಮೇಲೆ ಸಾಬರು ಕುಂಟುತ್ತಾ ಬಂದರು. ಎರ್ರಿಸ್ವಾಮಿಯವರು ಅವರನ್ನು ಕೂರಿಸಿ, ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬೂಟು ಬಿಚ್ಚಿದರು. "ಬ್ಯಾಡೋ, ಕಾಲು ಮುಟ್ಟಬ್ಯಾಡ" ಎಂದರೂ ಬಿಡಲಿಲ್ಲ.

"ಹೆಂಗಿತ್ತಲೇ?"

ಸಾಬರು ಮುಖ ಆಚೆ ತಿರುಗಿಸಿದರು. "ಏನೂ ಕಾಣಲಿಲ್ಲ ಸ್ವಾಮಿ. ಬರೇ ಮಂಜು. ನೀ ಬರದಿದ್ದದ್ದ ಚಲೋ ಆತು."

"ಸುಳ್ಳು ಹೇಳಬ್ಯಾಡ. ಬೆಳಿಗ್ಗಿಂದ ಇಲ್ಲೇ ಕುಂತು ನೋಡಾಕತ್ತೀನಿ. ಒಂದು ಚೂರು ಮೋಡ ಇರಲಿಲ್ಲ. ಹೇಳು. ಒಂದೂ ಬಿಡದಂಗ ಹೇಳು."

ಸಾಬರು ಮುಖ ಇತ್ತ ತಿರುಗಿಸಿದರು. ಆಮೇಲೆ ಹೇಳಿದರು. ಹೊತ್ತು ಇಳಿಯುವವರೆಗೆ ಹೇಳಿದರು. ಎರ್ರಿಸ್ವಾಮಿಯವರು ಆ ಪಾದಗಳನ್ನು ಹಿಡಿದುಕೊಂಡೇ ಕೇಳಿದರು.

ಊರಿಗೆ ಬಂದ ಮೇಲೆ ನಮ್ಮನ್ನು ಬಿಸಾಡಲಿಲ್ಲ. ಹೊಸಪೇಟೆಯ ಚಮ್ಮಾರರೊಬ್ಬರು ಟೈರಿನ ಅಟ್ಟೆ ಹೊಡೆದುಕೊಟ್ಟರು. ಅಂದಿನಿಂದ ದಿನಾ ಹಾಕಿದರು. ಸಂತೆಗೆ, ಆಸ್ಪತ್ರೆಗೆ, ಹಾಲಿಗೆ, ಮಳೆಗೆ, ಕೆಸರಿಗೆ. ಐದು ವರ್ಷ ಚೆನ್ನಾಗಿ ದುಡಿದೆವು. ಈಗ ನನ್ನ ತುದಿಯಲ್ಲಿ ತೂತು, ಅವರ ಕೈಯಲ್ಲಿ ಕೋಲು. ನಾವಿಬ್ಬರೂ ಜಗಲಿಯ ಕೆಳಗಿನ ಮೂಲೆಯಲ್ಲಿದ್ದೇವೆ. ಕೂತು ಯೋಚಿಸಿದರೆ ಒಂದೇ ಸಂಕಟ. ಮುರಿಯುವುದಕ್ಕೆ ನನಗೆ ಒಂಬತ್ತು ವರ್ಷದ ಸಮಯವಿತ್ತು, ನಾನು ಆ ಒಂದು ಹೆಜ್ಜೆಯನ್ನೇ ಆರಿಸಿಕೊಂಡೆ. ಕೈಕೊಟ್ಟ ಬೂಟಿನ ತಪ್ಪು ಎಷ್ಟು, ಹಾಕದವರ ತಪ್ಪು ಎಷ್ಟು ಎಂದು ಅಳೆಯಲು ಹೋಗುತ್ತೇನೆ, ಅಳತೆ ಸಿಗುವುದಿಲ್ಲ.

ಸಂಜೆ ಸಾಬರು ಬರುತ್ತಾರೆ. ಕೇಳುವವರು ಯಾರಾದರೂ ಸಿಕ್ಕರೆ ಶಿಖರದ ಕಥೆ ಶುರು. "ನಾವಿಬ್ರೂ ಮ್ಯಾಲ ಹೋಗಿ ನಿಂತಾಗ ನೋಡ್ರಿ, ಸೂರ್ಯ ನಮ್ಮ ಕಾಲ ಕೆಳಗ ಹುಟ್ಟಿದ" ಎನ್ನುತ್ತಾರೆ. ಮೊದಲೆಲ್ಲ ಎರ್ರಿಸ್ವಾಮಿಯವರು "ಇವನೊಬ್ಬನ ಹೋಗಿದ್ದ, ನಾ ಇರಲಿಲ್ಲ" ಎಂದು ತಿದ್ದುತ್ತಿದ್ದರು. ಈಗೀಗ ತಿದ್ದುವುದಿಲ್ಲ. ಕಣ್ಣು ಮುಚ್ಚಿಕೊಂಡು, ಹೌದು ಹೌದು ಎಂದು ತಲೆಯಾಡಿಸುತ್ತಾರೆ.