ಮಾರಕ್ಕನ ಬಾವಿ ನೀರು

ಅಟ್ಟೂರಿನ ಅಂಚಿನಲ್ಲಿದ್ದ ಮಾರಕ್ಕನ ಬಾವಿಗೆ ಇಡೀ ಬೀದಿಯೇ ನೀರಿಗೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಊದುಬತ್ತಿ ಹೊಸೆದು ಬದುಕುತ್ತಿದ್ದ ಅವಳು ಯಾರಿಗೂ ಇಲ್ಲವೆಂದವಳಲ್ಲ.

೧೯೭೮ರಲ್ಲಿ ಬಾವಿಯ ಮೇಲ್ಗಡೆ ದಿಣ್ಣೆಯಲ್ಲಿ ಗುತ್ತಿಗೆದಾರನೊಬ್ಬ ತಗಡು ಹೊದಿಸಿ ಕಸಾಯಿಖಾನೆ ಶುರುಮಾಡಿದ. ಮೊದಲು ಹತ್ತು ಕುರಿ, ಆಮೇಲೆ ದಿನಕ್ಕೆ ಅರವತ್ತು. ರಕ್ತ, ಕರುಳು ತೊಳೆದ ನೀರೆಲ್ಲ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಖಾದರ್ ಬಾಷಾ, ಹೆಂಡತಿ ಫರೀದಾ ಮತ್ತು ಮೂರು ವರ್ಷದ ಮಗಳು ತಾಹೆರಾಳೊಂದಿಗೆ ಮಾರಕ್ಕನ ಪಕ್ಕದ ಮನೆಗೆ ಬಾಡಿಗೆಗೆ ಬಂದ. ಮಕ್ಕಳಿಲ್ಲದ ಮಾರಕ್ಕನನ್ನು ತಾಹೆರಾ ಬಹಳ ಹಚ್ಚಿಕೊಂಡಳು. ಬಿದಿರು ಕಡ್ಡಿಗಳನ್ನು ಹರಡಿಕೊಂಡು ದಿನವಿಡೀ ಅವಳ ಜಗಲಿಯಲ್ಲೇ ಆಟ. ಬಾಯಾರಿದರೆ ಮಾರಕ್ಕನೇ ಕುಡಿಸುತ್ತಿದ್ದಳು.

ಮುಂಗಾರು ಬಿದ್ದ ವಾರ ಫರೀದಾ ಕೇಳಿದಳು: "ಅಕ್ಕಾ, ನೀರು ಒಂಥರಾ ವಾಸ್ನೆ ಅಲ್ವಾ?"

"ಒಸ ಮಳೆ ನೀರು ಕಣಮ್ಮಾ, ಇಂಗೇ ಇರ್ತೈತೆ. ನಾಕು ದಿನಕ್ಕೆ ಸರಿ ಓಯ್ತದೆ."

ವಾಸನೆ ಅವಳಿಗೂ ಬಂದಿತ್ತು. ಮಾವ ತೋಡಿಸಿದ ಬಾವಿ ಕೆಟ್ಟಿದೆ ಎನ್ನಲು ಬಾಯಿ ಬರಲಿಲ್ಲ.

ಮೂರನೇ ದಿನ ತಾಹೆರಾಳಿಗೆ ವಾಂತಿ, ರಕ್ತಭೇದಿ. ಆಸ್ಪತ್ರೆಗೆಂದು ಬಸ್ಸು ಹತ್ತಿದರು. ಹೆಬ್ಬಾಳ ದಾಟುವಷ್ಟರಲ್ಲಿ ಮಗು ತಾಯಿಯ ಮಡಿಲಲ್ಲೇ ಉಸಿರು ಬಿಟ್ಟಿತು.

ವಾರದ ನಂತರ ಆರೋಗ್ಯ ಇಲಾಖೆಯವರು ಬಂದು ನೀರು ಪರೀಕ್ಷಿಸಿದರು. ಗುಂಡಿಯ ಕೊಳೆ ನೆಲದೊಳಗಿಂದ ಬಾವಿಗೆ ಇಳಿದಿದೆ, ಯಾರೂ ಕುಡಿಯಬೇಡಿ ಎಂದರು. ಮಾರಕ್ಕ ನೇರ ಫರೀದಾಳ ಬಾಗಿಲಿಗೆ ಹೋಗಿ ಕುಸಿದಳು.

"ನಾನೇ ಕಣಮ್ಮಾ, ನನ್ನ ಕೈಯಾರೆ ಕುಡಿಸ್ದೆ."

ಖಾದರ್ ತಲೆ ಎತ್ತಲಿಲ್ಲ. "ಗುಂಡಿಗೆ ದಿನಾ ನೀರು ಬಿಡ್ತಿದ್ದೋನು ನಾನಕ್ಕಾ. ಮೋರಿ ಮಾಡ್ಸಿ ಅಂತ ಮಾಲೀಕರಿಗೆ ಒಂದ್ಸಲ ಹೇಳ್ದೆ. ಬೈದ್ರು. ಕೆಲಸ ಹೋಗುತ್ತೆ ಅಂತ ಆಮೇಲೆ ಸುಮ್ನಾದೆ."

"ಇಬ್ರೂ ಬಾಯಿ ಮುಚ್ಚಿ," ಎಂದಳು ಫರೀದಾ. "ಹೇಳಿದ್ರೆ ಬರ್ತಾಳಾ ಅವ್ಳು?"

ಖಾದರ್ ಮರುದಿನವೇ ಕೆಲಸ ಬಿಟ್ಟ. ಬೀದಿಯವರು ಬರೆದ ಅರ್ಜಿಗೆ ಅವನೂ ಸಹಿ ಹಾಕಿದ, ಮಾರಕ್ಕ ಹೆಬ್ಬೆಟ್ಟು ಒತ್ತಿದಳು. ಆದರೂ ಕಸಾಯಿಖಾನೆ ಮುಚ್ಚಲು ವರ್ಷ ಹಿಡಿಯಿತು. ಅಷ್ಟರಲ್ಲಿ ಕೊಳೆ ಕೆಳಗಿನ ಬೀದಿಯ ಬಾವಿಗೂ ಇಳಿದು ಅಲ್ಲಿನ ಇನ್ನೊಂದು ಮಗುವೂ ಹೋಯಿತು.

ಖಾದರ್ ದಂಪತಿ ಚಿಂತಾಮಣಿಗೆ ಹೊರಟ ದಿನ ಮಾರಕ್ಕ ಅವರ ಗಂಟು ಹೊತ್ತುಕೊಂಡು ಬಸ್ಸಿನವರೆಗೂ ಹೋದಳು. ಅಷ್ಟು ದಿನ ಅವಳೊಂದಿಗೆ ಮಾತು ಬಿಟ್ಟಿದ್ದ ಫರೀದಾ ಮೆಟ್ಟಿಲ ಮೇಲೆ ತಿರುಗಿ ನಿಂತಳು.

"ಅಕ್ಕಾ, ಗೋರಿ ಮೇಲೆ ಮುಳ್ಳು ಬೆಳೆಯೋಕೆ ಬಿಡ್ಬೇಡಿ."

"ಬಿಡಲ್ಲ ಕಣಮ್ಮಾ," ಎಂದಳು ಮಾರಕ್ಕ. ಬಸ್ಸು ಹೊರಟ ಮೇಲೆ ಮನೆಗೆ ಹೋಗದೆ ಖಬರಸ್ತಾನದ ದಾರಿ ಹಿಡಿದಳು.