ಅಣ್ಣನ ಕೆಂಡ

ಒಬ್ಬರು ಹಾಕಿದ ಬೆಂಕಿಗೆ ಇನ್ನೊಬ್ಬರು ಕೈ ಹಾಕಬಾರದು. ಅಸೂಲ್ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಅಂಬೆಗಾಲಿಡುವ ಮಗುವಿಗೂ ಗೊತ್ತಿರುತ್ತದೆ. ಲಿಸಾಂದ್ರೋಗೂ ಗೊತ್ತಿತ್ತು. ಆದರೂ ಮೂರು ವರ್ಷದ ಹಿಂದೆ ಮಾಂಸ ಸುಡುತ್ತಿದ್ದ ಅಣ್ಣ ಫೆರ್ಮಿನ್ ವೈನ್ ತರಲು ಒಳಗೆ ಹೋದಾಗ, ಈ ಮಹಾಶಯ ಸಲಿಕೆ ಎತ್ತಿಕೊಂಡು ಜಾಲರಿಯ ಕೆಳಗೆ ಇನ್ನಷ್ಟು ಕೆಂಡ ತಳ್ಳಿಬಿಟ್ಟಿದ್ದ. ಮಾಂಸ ಸೊಗಸಾಗಿ ಬೆಂದಿತು. ಎಡವಟ್ಟಾದದ್ದೇ ಅಲ್ಲಿ. ಊಟದ ನಡುವೆ ಬೆಂಕಿಯ ಮುಂದೆ ನಿಂತವನಿಗೆ ರೂಢಿಯಂತೆ ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಯಾರೋ ಬಾಯಿಬಡುಕ, "ಈ ಸಲ ಚಪ್ಪಾಳೆ ತಮ್ಮನಿಗೆ!" ಎಂದು ಕೂಗಿದ. ಲಿಸಾಂದ್ರೋ ಎದ್ದು ನಿಂತು ತಲೆ ಬೇರೆ ಬಾಗಿಸಿದ. ಫೆರ್ಮಿನ್ ಇಕ್ಕಳ ಕೆಳಗಿಟ್ಟು ಹೊರಟುಹೋದ. ಅಂದಿನಿಂದ ತಮ್ಮನೊಡನೆ ಮಾತಿಲ್ಲ, ಕತೆಯಿಲ್ಲ.

ಆಮೇಲೆ ಲಿಸಾಂದ್ರೋ ತನ್ನ ಮನೆಯಲ್ಲೂ ಮಾಂಸ ಸುಟ್ಟ. ಅದೇ ಕಟುಕನ ಅಂಗಡಿ, ಅದೇ ಕಟ್ಟಿಗೆ. ಆದರೆ "ಅದನ್ನ ಈಗಲೇ ತಿರುವಬೇಡ್ವೋ ಕತ್ತೆ" ಎನ್ನುವವನಿಲ್ಲದೆ ಭಾನುವಾರಗಳೆಲ್ಲ ಸಪ್ಪೆಯಾದವು. ಅಣ್ಣ ಬೇಕಾಗಿತ್ತು ಅವನಿಗೆ, ಅಷ್ಟೇ.

ಇಂದು ತಾಯಿ ಎಲ್ವಿರಾಗೆ ಎಂಬತ್ತು ತುಂಬಿತ್ತು. "ಇಬ್ರೂ ಬರ್ಬೇಕು. ಒಬ್ಬ ತಪ್ಪಿಸ್ಕೊಂಡ್ರೂ ನಾನು ಕೇಕ್ ಮುಟ್ಟಲ್ಲ" ಎಂದು ಫೋನಿನಲ್ಲಿ ಗದರಿಸಿದ್ದಳು. ಹಾಗಾಗಿ ಇಬ್ಬರೂ ಬಂದಿದ್ದರು. ಹಿತ್ತಲಿನಲ್ಲಿ ಫೆರ್ಮಿನ್ ಪಕ್ಕೆಲುಬಿನ ಮಾಂಸವನ್ನು ಮೂಳೆ ಕೆಳಗಾಗಿ ಜಾಲರಿಯ ಮೇಲೆ ಹರಡಿ, ದಪ್ಪ ಉಪ್ಪು ಉದುರಿಸಿ, ಎಲ್ಲರಿಗೂ ಬೆನ್ನು ತಿರುಗಿಸಿ ನಿಂತಿದ್ದ.

"ಅಣ್ಣಾ," ಎಂದ ಲಿಸಾಂದ್ರೋ.

"ಹೂಂ," ಎಂದ ಫೆರ್ಮಿನ್, ಕೆಂಡಕ್ಕೆ.

ಅಷ್ಟರಲ್ಲಿ ದಕ್ಷಿಣದ ಗಾಳಿ ಎದ್ದಿತು. ಅಲ್ಲಿ ಆಗಸ್ಟ್ ಎಂದರೆ ನಡುಚಳಿಗಾಲ, ಗಾಳಿ ಮೂಳೆಗೇ ಇಳಿಯುವಂಥದ್ದು. ಒಂದು ಕಡೆ ಕೆಂಡ ಕೆರಳಿ ಜ್ವಾಲೆ ಎದ್ದರೆ, ಇನ್ನೊಂದು ಕಡೆ ಬರೀ ಬೂದಿ. ಈ ಮಾಂಸಕ್ಕೆ ಬೇಕಾದದ್ದು ಉರಿಯಲ್ಲ, ಸಮನಾದ ಕಾವು ಮತ್ತು ತಾಳ್ಮೆ. ಕೊಬ್ಬು ಕರಗಿ ತೊಟ್ಟಿಕ್ಕುವ ಚುರ್ ಸದ್ದೇ ಕೇಳಿಸುತ್ತಿರಲಿಲ್ಲ. ಲಿಸಾಂದ್ರೋನ ಕೈ ಸಲಿಕೆಗಾಗಿ ತುರಿಸತೊಡಗಿತು.

"ಕೈ ಜೇಬಲ್ಲಿಟ್ಕೋ," ಎಂದಳು ಎಲ್ವಿರಾ ಮೆಲ್ಲಗೆ.

"ಅಮ್ಮಾ, ಮಾಂಸ ಹಸಿಯಾಗೇ ಉಳಿಯುತ್ತೆ."

"ಉಳೀಲಿ ಬಿಡೋ. ನನ್ನ ಹಲ್ಲುಗಳು ಕಟ್ಟಿಸಿದ್ದು, ಏನ್ ಬೇಕಾದ್ರೂ ಅಗೀತವೆ. ನಿನ್ನ ಕೈ ಬೆಂಕಿ ಕಡೆ ಹೋಯ್ತೋ, ಮುರಿದುಹಾಕ್ತೀನಿ."

ಲಿಸಾಂದ್ರೋ ಎದ್ದ. ಬೆಂಕಿಯ ಕಡೆ ಹೋಗಲಿಲ್ಲ. ಕೋಳಿಗೂಡಿನ ಹಿಂದೆ ಬಿದ್ದಿದ್ದ ಹಳೆಯ ತಗಡನ್ನು ಎಳೆದು ತಂದು, ಗಾಳಿ ಬರುವ ಕಡೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಕೆಂಡಕ್ಕೂ ಅವನಿಗೂ ನಡುವೆ ಒಂದು ಮಾರು ಅಂತರ. ತಗಡು ಹಿಮದಂತೆ ಕೊರೆಯುತ್ತಿತ್ತು, ಬೆರಳು ಮರಗಟ್ಟಿದವು. ಅಣ್ಣ ತಿರುಗಿಯೂ ನೋಡಲಿಲ್ಲ. ಮೇಜಿನ ಬಳಿ ನೆಂಟರೆಲ್ಲ ಕುರ್ಚಿ ತಿರುಗಿಸಿ ನೋಡತೊಡಗಿದರು.

ಬಹಳ ಹೊತ್ತಾದ ಮೇಲೆ ಫೆರ್ಮಿನ್ ಇಕ್ಕಳದಿಂದ ಮಾಂಸದ ಅಂಚು ಎತ್ತಿ ನೋಡಿದ.

"ಸ್ವಲ್ಪ ಎಡಕ್ಕೆ."

ಲಿಸಾಂದ್ರೋ ಎಡಕ್ಕೆ ಸರಿದ. ಕಣ್ಣು ಮಂಜಾಯಿತು, ಹೊಗೆಯೇನೂ ಅವನ ಕಡೆ ಬರುತ್ತಿರಲಿಲ್ಲ.

"ಇನ್ನೂ ಎಡಕ್ಕೆ ಕಣೋ, ಕತ್ತೆ. ನೆಟ್ಟಗೆ ಹಿಡಿಯೋಕೂ ಬರಲ್ವಾ?"

"ಬರುತ್ತೆ ಅಣ್ಣ."

ಉರಿ ತಗ್ಗಿ ಕೆಂಡ ಸಮನಾಗಿ ಕೆಂಪಾಯಿತು. ಮೊದಲ ಹನಿ ಕೊಬ್ಬು ಚುರ್ ಎಂದಿತು, ಆಮೇಲೆ ನಿಲ್ಲಲೇ ಇಲ್ಲ. ಪರಿಮಳ ಹಿತ್ತಲೆಲ್ಲ ತುಂಬಿತು.

"ಇವತ್ತು ಚಪ್ಪಾಳೆಗೆ ಎದ್ದು ನಿಂತ್ರೆ ಕಾಲು ಮುರೀತೀನಿ," ಎಂದ ಫೆರ್ಮಿನ್.

"ನಿಂತೇ ಇದ್ದೀನಲ್ಲ ಅಣ್ಣ. ಕೂರಕ್ಕೆ ಎಲ್ ಬಿಟ್ಟಿದ್ದೀಯ?"

ಫೆರ್ಮಿನ್‌ನ ಭುಜ ಕುಲುಕಿತು, ನಗುತ್ತಿದ್ದ. ಮಾಂಸದ ಅಂಚಿನಿಂದ ಒಂದು ಚೂರು ಕೊಯ್ದು ಬ್ರೆಡ್ಡಿನ ಮೇಲಿಟ್ಟ. ಮೊದಲ ಚೂರು ತಾಯಿಗೆ ಹೋಗಬೇಕು. ಅವನು ಎಲ್ವಿರಾಳ ಕಡೆ ನೋಡಿದ. ಅವಳು ಗದ್ದದಿಂದಲೇ ತಗಡಿನ ಕಡೆ ತೋರಿಸಿದಳು. ಫೆರ್ಮಿನ್ ಬಂದು, ಕೈ ಬಿಡುವಿಲ್ಲದ ತಮ್ಮನ ಬಾಯಿಗೆ ಬ್ರೆಡ್ ಹಿಡಿದ.

"ಉಪ್ಪು ಸರಿ ಇದ್ಯಾ, ನೋಡು."